ಉಪವಾಸದ ತೊಟ್ಟಿ

ಪಾಚಿ ಬೆಳೆಸುವ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪಾಚಿಯಕ್ಕ ಎಂದೇ ಕರೆಯುತ್ತಿದ್ದರು. ಬೆಳಗ್ಗೆ ಅಡುಗೆ ಮುಗಿಸಿ, ಬಟ್ಟೆ ಒಗೆದು ಹರವಿ, ಅಮ್ಮನ ಮಾತ್ರೆ ಎತ್ತಿಟ್ಟು ಅವಳು ಗಾಜಿನ ಚಾವಣಿಯ ಆ ಶೆಡ್ಡಿಗೆ ಬರುವ ಹೊತ್ತಿಗೆ ತೊಟ್ಟಿಗಳ ಮೇಲೆ ಬಿಸಿಲು ಇಳಿದಿರುತ್ತಿತ್ತು. ಗೋಡೆ, ಸೀರೆ, ಮೊಣಕೈ ಎಲ್ಲವೂ ಹಸಿರು. ನೀರಿನ ತಳದಲ್ಲಿ ನಡೆದಾಡುವಂತೆ ಅವಳು ಮೆಲ್ಲಗೆ ಓಡಾಡುತ್ತಿದ್ದಳು.

ಮೊದಲ ತೊಟ್ಟಿಯಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳು ಎರಡೆರಡು ಬಾಲ ಬೀಸುತ್ತ ಈಜುತ್ತಿದ್ದವು. ಅವು ಹೊಟ್ಟೆತುಂಬ ಉಂಡು ಹೆಚ್ಚಿದ ಮೇಲೆ ಪಕ್ಕದ ತೊಟ್ಟಿಗೆ ಹರಿಸುವುದು ಅವಳ ಕೆಲಸ. ಅಲ್ಲಿ ಗೊಬ್ಬರವಿಲ್ಲ, ಉರಿಬಿಸಿಲು ಮಾತ್ರ. ಕೆಲಸದವರು ಅದಕ್ಕೆ ಉಪವಾಸದ ತೊಟ್ಟಿ ಎನ್ನುತ್ತಿದ್ದರು. ಪಾಚಿಗಳು ಬಾಲ ಕಳಚಿ, ಈಜು ನಿಲ್ಲಿಸಿ, ಸುತ್ತ ದಪ್ಪ ಗೋಡೆ ಕಟ್ಟಿಕೊಂಡು ಮೆಲ್ಲಮೆಲ್ಲನೆ ಕೆಂಪಾಗುತ್ತಿದ್ದವು. ಮಾತ್ರೆಗೆ, ಮೀನಿನ ಮೇವಿಗೆ ಹೋಗುವ ಆ ಕೆಂಪಿಗೇ ಬೆಲೆ.

ಮನೆಯಲ್ಲಿ ತಂಗಿ ಕಿಟಕಿಯ ಬಳಿ ಕೂತಿರುತ್ತಿದ್ದಳು. ತುಂಬಿದ ಮನೆಯ ಸೊಸೆ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವಳು ಹೋಗದೆ ಉಳಿದಿದ್ದಳು, ಮಾತಾಡುವುದನ್ನೇ ಬಿಟ್ಟಿದ್ದಳು.

"ಒಂದು ಲೋಟನಾದ್ರೂ ತೊಳಿಯೇ, ಮೈ ಜಡ್ಡುಗಟ್ಟುತ್ತೆ," ಎಂದು ಅಮ್ಮ ಗೊಣಗಿದರೆ, "ಬಿಡಮ್ಮ, ಊರಿನ ಪಾತ್ರೆಯೆಲ್ಲ ತೊಳೆದು ಬಂದಿದ್ದಾಳೆ," ಎನ್ನುತ್ತಿದ್ದಳು ಪಾಚಿಯಕ್ಕ.

ಭಾನುವಾರ ತಂಗಿಯ ಗಂಡ ಕರೆದೊಯ್ಯಲು ಬಂದ. ಚೆನ್ನಾಗಿ ಉಂಡ. ತಟ್ಟೆಯ ಮುಂದೆ ಕೂತೇ ಹೇಳಿದ:

"ಮನೆ ಮನೆ ಥರಾನೇ ಇಲ್ಲ, ಅಕ್ಕಾ. ನಮ್ಮಮ್ಮನಿಗೆ ಒಂದ್ಲೋಟ ಬಿಸಿನೀರು ಕೊಡೋರಿಲ್ಲ."

"ನಿಮ್ಮ ಕೈಗೇನಾಗಿದೆ?"

ಅಮ್ಮ ಕಣ್ಣಲ್ಲೇ ಗದರಿದಳು. ಅವನು ನಕ್ಕ. "ನಿಮ್ಮ ಪಾಚಿನೇ ನೋಡಿ. ಹಸಿವು, ಬಿಸಿಲು ತಿಂದ್ರೇ ಅಲ್ವಾ ಬಣ್ಣ ಬರೋದು? ಹೆಂಗಸ್ರೂ ಅಷ್ಟೇ, ಕಷ್ಟದಲ್ಲೇ ಕಳೆ."

"ಬಣ್ಣ ಬೇಕಾಗಿರೋದು ನಮಗೆ. ಪಾಚಿಗೆ ಅದು ಬಿಸಿಲಿಗೆ ಹಿಡಿದ ಕೊಡೆ."

ಕಿಟಕಿಯ ಕಡೆಯಿಂದ, ಬಹಳ ದೂರದಿಂದೆಂಬಂತೆ, ತಂಗಿಯ ದನಿ ಬಂತು. "ಕೆಂಪಾದ್ಮೇಲೆ ಏನ್ಮಾಡ್ತೀರಕ್ಕ?"

ಎಲ್ಲರೂ ಅತ್ತ ತಿರುಗಿದರು.

"ಒಣಗಿಸಿ ಪುಡಿ ಮಾಡ್ತೀವಿ."

"ಎಲ್ಲಾನೂ?"

"ಸ್ವಲ್ಪ ಉಳಿಸ್ಕೋತೀವಿ. ಹೊಸ ನೀರು, ಗೊಬ್ಬರ ಕೊಟ್ಟು ಮಂದ ಬೆಳಕಲ್ಲಿಟ್ರೆ ಗೋಡೆ ಒಡ್ಕೊಂಡು ಹಸಿರಾಗಿ ಈಜ್ತಾವೆ. ಕೆಲವು ಏಳೋದೇ ಇಲ್ಲ."

"ಎಷ್ಟು ದಿನಕ್ಕೆ ಏಳ್ತಾವೆ?"

"ಅದು ಅವಕ್ಕೇ ಗೊತ್ತು ಕಣೇ. ನಾವು ಅವಸರ ಮಾಡೋ ಹಾಗಿಲ್ಲ."

ತಂಗಿ ಗಂಡನನ್ನು ನೋಡಿದಳು. ಸಿಟ್ಟಿರಲಿಲ್ಲ, ಈಗಷ್ಟೇ ನಿದ್ದೆಯಿಂದ ಎದ್ದವಳ ಮುಖ.

"ನಾನು ಬರಲ್ಲ. ಯಾವಾಗ ಬರ್ತೀಯ ಅಂತಾನೂ ಕೇಳ್ಬೇಡಿ."

ಅವನು ಅಮ್ಮನತ್ತ ನೋಡಿದ. ಅಮ್ಮ ಸೆರಗಿನ ಅಂಚು ನೋಡುತ್ತಿದ್ದಳು. ಅವನು ಎದ್ದ.

"ಹೋಗೋ ಮುಂಚೆ ನಿಮ್ಮ ತಟ್ಟೆ ತೊಳೆದಿಡಿ," ಎಂದಳು ತಂಗಿ.

ಏನು ತೋಚಿತೋ, ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ. ನಲ್ಲಿ ಬುಸ್ಸೆಂದಿತು.

"ಸೋಪೆಲ್ಲಿದೆ?"

ಅಮ್ಮ ಏಳಹೋದಳು. ಪಾಚಿಯಕ್ಕ ಮೆಲ್ಲಗೆ ಅವಳ ಮಣಿಕಟ್ಟು ಹಿಡಿದಳು. ತಂಗಿ ತಲೆಯನ್ನು ಕಿಟಕಿಗೆ ಆನಿಸಿ, ಕಣ್ಣು ಮುಚ್ಚಿ, ಯಾರೋ ಪಾತ್ರೆ ತೊಳೆಯುವ ಸದ್ದನ್ನು ಕೇಳುತ್ತ ಕೂತಳು.