ಪೆಡಲ್ ಮೇಲಿನ ಕಾಲು

ತಿ. ನರಸೀಪುರದಿಂದ ವಾರದಲ್ಲಿ ನಾಲ್ಕೈದು ಸಲವಾದರೂ ನಂಜನಗೂಡಿಗೆ ಬರುತ್ತಿದ್ದ ಆ ಮನುಷ್ಯ ನನ್ನ ಮನೆಯೊಳಗೆ ಬಂದು ಕೂತದ್ದು ನೆನಪಿಲ್ಲ. ಹಿಂದಿನ ಚಕ್ರದ ಎರಡೂ ಬದಿಗೆ ಇನ್ನೊಂದೊಂದು ಚಕ್ರ ಕೂಡಿಸಿದ್ದ ಸ್ಕೂಟರನ್ನು ಬಾಗಿಲ ಮುಂದೆ ನಿಲ್ಲಿಸಿ, ಎಂಜಿನ್ ಆರಿಸದೆ, ಆ ಸದ್ದಿಗಿಂತ ಮೇಲೆ ದನಿ ಏರಿಸಿ ಮಾತಾಡುತ್ತಿದ್ದರು. ಹೇಳಬೇಕಾದ್ದು ಮುಗಿದ ಕೂಡಲೇ ಹೊರಟುಬಿಡುತ್ತಿದ್ದರು. ನನ್ನ ಉತ್ತರ ಎಷ್ಟೋ ಸಲ ಖಾಲಿ ಬೀದಿಗೆ ಹೇಳಿದಂತಾಗುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಮೈಸೂರಿನ ಒಂದು ದಿನಪತ್ರಿಕೆಯ ನಂಜನಗೂಡು ವರದಿಗಾರ. ಅವರು ತಿ. ನರಸೀಪುರದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಶೆಡ್ ಇಟ್ಟುಕೊಂಡು, ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಸರಬರಾಜು ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಪೋಲಿಯೊ ಬಂದು ಎರಡು ಕಾಲಿಗೂ ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನಡೆಯುತ್ತಿದ್ದವರು. ಶೆಡ್ಡಿನಲ್ಲಿ ಅಂಟು ಹಚ್ಚುವವರು, ಪಿನ್ ಹೊಡೆಯುವವರು ಬಹುತೇಕ ಅವರಂತೆಯೇ ಕಾಲು ಸ್ವಾಧೀನವಿಲ್ಲದವರು, ಇಲ್ಲವೇ ಕಿವಿ ಕೇಳದವರು. ಅಂಗವಿಕಲರ ಹಕ್ಕಿನ ಕಾನೂನು ಬಂದು ಕೆಲವು ವರ್ಷವಾಗಿತ್ತು. ಅದು ಸರ್ಕಾರಿ ಕಚೇರಿಯ ಬಾಗಿಲಲ್ಲೇ ನಿಂತಿದೆ, ಕಾರ್ಖಾನೆ ಗೇಟಿನೊಳಕ್ಕೆ ಅದನ್ನು ತಾನೇ ಹೊತ್ತುಕೊಂಡು ಹೋಗಬೇಕು ಎನ್ನುತ್ತಿದ್ದರು. ಪೆಟ್ಟಿಗೆ ಇಳಿಸಿದಾಗಲೆಲ್ಲ ಮ್ಯಾನೇಜರುಗಳ ಹತ್ತಿರ ಅವರದು ಒಂದೇ ಬೇಡಿಕೆ: ನಮ್ಮವರಲ್ಲಿ ಒಬ್ಬರಿಗೆ ಕೆಲಸ ಕೊಟ್ಟು ನೋಡಿ.

ನಮ್ಮ ಪತ್ರಿಕೆಗೆ ಅಂಗವಿಕಲರು ಗೊತ್ತಿದ್ದದ್ದು ಒಂದೇ ಫೋಟೊದಿಂದ. ತ್ರಿಚಕ್ರ ಸೈಕಲ್ ವಿತರಣೆ; ಹಿಂದೆ ಸಾಲಾಗಿ ನಿಂತ ಗಣ್ಯರು. ಅಂಥದ್ದೊಂದು ಅಚ್ಚಾದ ದಿನ ಅವರು ಬಾಗಿಲಿಗೆ ಬಂದು, "ಫೋಟೊ ಚೆನ್ನಾಗಿ ಬಂದದೆ. ಆ ಸೈಕಲ್ ಹತ್ತಿ ಅವನು ಯಾವ ಕೆಲಸಕ್ಕೆ ಹೋದ ಅಂತ ಮುಂದಿನ ವಾರ ಬರೀರಿ. ಎಲ್ಲಿಗೂ ಹೋಗಿಲ್ಲ ಅಂದ್ರೆ ಅದನ್ನೇ ಬರೀರಿ" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಕೂಟರ್ ತಿರುವಿನಲ್ಲಿತ್ತು.

ಕೊನೆಗೆ ಮಸಾಲೆಪುಡಿ ಪ್ಯಾಕ್ ಮಾಡುವ ಕಾರ್ಖಾನೆಯೊಂದು ಒಪ್ಪಿತು. ಹೆಡತಲೆ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ, ಎಡಗಾಲು ಸೊರಗಿದ್ದ ಹುಡುಗಿಯೊಬ್ಬಳನ್ನು ಸೇರಿಸಿಕೊಂಡರು. ಮೂರು ತಿಂಗಳು ನೋಡುತ್ತೇವೆ, ಕೈ ಕುದುರಿದರೆ ಪರ್ಮನೆಂಟ್, ಇಲ್ಲವಾದರೆ ಮನೆಗೆ ಎಂದು ಮ್ಯಾನೇಜರು ಮೊದಲೇ ಹೇಳಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿ ವರ್ಷಗಟ್ಟಲೆ ಮನೆಯಲ್ಲೇ ಇದ್ದವಳು ಅವಳು. ಆ ಮನೆಗೆ ವಾಪಸು ಹೋಗುವ ಮಾತು ಬಿಟ್ಟು ಬೇರೆ ಏನು ಬೇಕಾದರೂ ಹೇಳಿ ಎಂದಿದ್ದಳಂತೆ.

ಕಾರ್ಖಾನೆಯವರಿಗೆ ಇದು ಪತ್ರಿಕೆಯಲ್ಲಿ ಬರಬೇಕೆಂಬ ಆಸೆಯಿತ್ತು. ಎರಡು ತಿಂಗಳು ಕಳೆದ ಮೇಲೆ ನನ್ನನ್ನು ಕರೆಸಿದರು. ಪ್ಯಾಕಿಂಗ್ ಹಾಲಿನಲ್ಲಿ ಹೆಂಗಸರು ಮೇಜುಗಳ ಮುಂದೆ ಸಾಲಾಗಿ ನಿಂತಿದ್ದರು. ಪುಡಿ ತುಂಬಿದ ಪೊಟ್ಟಣದ ಬಾಯನ್ನು ಯಂತ್ರದ ಎರಡು ಬಿಸಿ ಪಟ್ಟಿಗಳ ನಡುವೆ ಹಿಡಿದು, ಕೆಳಗಿನ ಪೆಡಲನ್ನು ಕಾಲಿನಿಂದ ಒತ್ತಿದರೆ ಸೀಲ್ ಬೀಳುತ್ತದೆ. ಕೆಮ್ಮು ತಡೆದುಕೊಂಡು ನಾನು ನೋಡುತ್ತಿದ್ದೆ. ಹುಡುಗಿ ಪೊಟ್ಟಣ ಹಿಡಿಯುತ್ತಿದ್ದಳು. ಪೆಡಲ್ ಒತ್ತುತ್ತಿದ್ದ ಕಾಲು ಅವಳದಾಗಿರಲಿಲ್ಲ. ಪಕ್ಕದ ಮೇಜಿನ ಹಿರಿಯ ಹೆಂಗಸು ತನ್ನ ಕೆಲಸ ಮಾಡುತ್ತಲೇ ಕಾಲು ಚಾಚಿ ಒತ್ತಿಕೊಡುತ್ತಿದ್ದಳು. ಅವಳಿಗೆ ಸುಸ್ತಾದಾಗ ಇನ್ನೊಂದು ಬದಿಯವಳು ಬಂದು ಒತ್ತಿದಳು. ಸೂಪರ್‌ವೈಸರ್ ನೋಡಿಯೂ ನೋಡದವನಂತೆ ಓಡಾಡುತ್ತಿದ್ದ.

"ಹುಡುಗಿ ಹೇಗೆ?" ಎಂದು ಅವನನ್ನು ಕೇಳಿದೆ.

"ಒಳ್ಳೆ ಹುಡ್ಗಿ ಸಾ. ಕೆಲ್ಸದ್ದು ಮಾತ್ರ ಏನಂತ ಹೇಳ್ಲಿ? ನೀವೇ ನೋಡುದ್ರಲ್ಲ. ತಿಂಗ್ಳು ಮುಗೀಲಿ, ಸಾಹೇಬ್ರಿಗೆ ಇದ್ದುದ್ದ್ ಇದ್ದಂಗೆ ಹೇಳ್ಬಿಡ್ತೀನಿ."

ನಾನು ಕಂಡದ್ದನ್ನು ಬರೆದು ಕಳಿಸಿದೆ. ಇದರಲ್ಲಿ ಸುದ್ದಿ ಎಲ್ಲಿದೆ ಎಂದು ಡೆಸ್ಕಿನಿಂದ ಫೋನ್ ಬಂತು. ವರದಿ ಅಲ್ಲೇ ಉಳಿಯಿತು. ಆದರೆ ಸಂಜೆ ಬಾಗಿಲಿಗೆ ಬಂದ ಅವರಿಗೆ ಕಂಡದ್ದನ್ನು ಹೇಳಿದೆ. "ಮೂರನೇ ತಿಂಗಳು ಶುರುವಾಗಿದೆಯಲ್ಲ. ನಾಳೆ ಮಧ್ಯಾಹ್ನ ಊಟದ ಹೊತ್ತಿಗೆ ಗೇಟ್ ಹತ್ರ ಬರ್ತೀರಾ?" ಎಂದರು.

ಮರುದಿನ ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಹುಡುಗಿ ಅವರ ನಡುವೆ ಇದ್ದಳು. ಇವರು ಸ್ಕೂಟರ್ ಮೇಲಿಂದಲೇ ವಿಷಯಕ್ಕೆ ಬಂದರು.

"ನಾಳೆಯಿಂದ ಇವಳ ಪೆಡಲ್ ಮೇಲೆ ಯಾರೂ ಕಾಲಿಡಬಾರದು."

ಹಿರಿಯ ಹೆಂಗಸು ಕೈಲಿದ್ದ ತುತ್ತನ್ನು ಡಬ್ಬಿಗೆ ವಾಪಸು ಹಾಕಿದಳು. "ಯಾಕೆ? ನಾವು ಕಾಲ್ ಒತ್ತುದ್ರೆ ನಿಮ್ ಗಂಟೇನ್ ಓಯ್ತದೆ?"

"ನನ್ನ ಗಂಟಲ್ಲ ಕಣಕ್ಕ. ಇವಳ ಕೆಲಸ ಹೋಗ್ತದೆ."

"ಪಾಪ, ಅದ್ರ ಕಾಲ್ ನೋಡಿ ಒಟ್ಟೆ ಉರೀತದೆ. ನಮ್ ಕೈಲಾದ ಪುಣ್ಯ ಮಾಡ್ಕತೀವಿ. ಬ್ಯಾಡ ಅನ್ನಕ್ಕೆ ನೀವ್ಯಾರು?"

"ಪುಣ್ಯ ನಿಮ್ಮ ಮನೆಗೆ ಹೋಯ್ತು. ಇವಳು ತಿಂಗಳಾದ ಮೇಲೆ ತನ್ನ ಮನೆಗೆ ಹೋಗ್ತಾಳೆ. ಎರಡು ತಿಂಗಳಲ್ಲಿ ಇವಳು ಒಂದು ಸೀಲಾದರೂ ತಾನೇ ಹಾಕಿದ್ದು ಯಾರಾದರೂ ಕಂಡಿದ್ದೀರಾ?"

ಇನ್ನೊಬ್ಬಳು, "ಇವರ್ಗೆ ಕಾಲಿಲ್ದಿದ್ರೂ ನಾಲ್ಗೆ ಐತೆ ನೋಡು" ಎಂದು ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು. ಅವರಿಗೂ ಕೇಳಿಸಿತು, ನಕ್ಕರು. ಹೆಂಗಸರು ನಗಲಿಲ್ಲ.

ಆಮೇಲೆ ಅವರು ಹುಡುಗಿಯ ಕಡೆ ತಿರುಗಿದರು. "ನಿಂಗೆ ಒತ್ತಕ್ಕೆ ಆಗ್ತದೋ ಇಲ್ವೋ?"

"ಪೆಡಲ್ ಎಡಗಡೆ ಐತೆ ಸಾ. ಬಲಗಡೆ ಇದ್ರೆ ಆಯ್ತದೆ. ಆದ್ರೆ ಬಲಗಾಲೆತ್ತುದ್ರೆ ನಿಂತ್ಕಳಕ್ಕಾಗಲ್ಲ. ಸ್ಟೂಲ್ ಬೇಕು."

"ಇದನ್ನ ಮೊದಲ ದಿನವೇ ಯಾಕೆ ಹೇಳಲಿಲ್ಲ?"

"ಎಂಗೇಳದು? ಮೊದಲ್ನೇ ದಿನವೇ ಅಕ್ಕ ಬಂದು ಒತ್ತುದ್ಲು. ಬ್ಯಾಡ ಅಂದ್ರೆ ಬೇಜಾರ್ ಮಾಡ್ಕಳಲ್ವಾ?"

ಬಡಿಸಿದ್ದನ್ನು ಬೇಡವೆನ್ನದೆ ಉಣ್ಣುವ ಊರುಗಳಿಂದ ಬಂದವರು ಎಲ್ಲರೂ. ಆ ಮಾತು ಅಲ್ಲಿ ಯಾರಿಗೂ ವಿಚಿತ್ರವಾಗಿ ಕೇಳಿಸಲಿಲ್ಲ.

ಅವರು ಅಲ್ಲಿಂದ ನೇರ ಮ್ಯಾನೇಜರ ಕೋಣೆಗೆ ನಡೆದರು. ನಾನೂ ಜೊತೆಗಿದ್ದೆ. ಪೆಡಲ್ ಬದಲಿಸುವುದಕ್ಕೆ ಮ್ಯಾನೇಜರ ತಕರಾರಿರಲಿಲ್ಲ. "ಸ್ಟೂಲ್ ಆಗಲ್ಲ. ಇಲ್ಲಿ ಎಲ್ಲರೂ ನಿಂತೇ ಮಾಡೋದು. ಒಬ್ಬಳಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳ್ತಾರೆ" ಎಂದರು.

"ಕೇಳಿದರೆ ಕೊಡಿ ಸರ್. ಕೂತು ಸೀಲ್ ಹಾಕಿದರೆ ಮಸಾಲೆ ಘಾಟು ಕಮ್ಮಿ ಆಗ್ತದಾ?"

ಮ್ಯಾನೇಜರು ನಕ್ಕರೇ ಹೊರತು ಒಪ್ಪಲಿಲ್ಲ.

"ನನ್ನ ಪೆಟ್ಟಿಗೆ ಅಂಟು ಬಿಟ್ಟಿದ್ದರೆ ವಾಪಸು ಕಳಿಸ್ತೀರಿ. ಒಂದು ದಿನವಾದರೂ ನಾನು ಕಾಲು ತೋರಿಸಿ ಬಿಟ್ಟುಬಿಡಿ ಅಂತ ಕೇಳಿದ್ದೀನಾ? ಇವಳನ್ನೂ ಹಾಗೇ ನೋಡಿ. ಸರಿಯಿಲ್ಲ ಅಂದ್ರೆ ಕಳಿಸಿ, ನಾನು ಈ ಕೋಣೆಗೆ ಬಂದು ಬೇಡ್ಕೊಳಲ್ಲ. ಆದರೆ ನೋಡಬೇಕಾದರೆ ಮೊದಲು ಅವಳು ಮಾಡಬೇಕಲ್ಲ ಸರ್."

ಉಳಿದ ದಿನಗಳ ಮಟ್ಟಿಗೆ, ಅಷ್ಟಕ್ಕೆ ಮಾತ್ರ, ಸ್ಟೂಲ್ ಬಂತು. ಫಿಟ್ಟರ್ ಪೆಡಲನ್ನು ಬಲಗಡೆಗೆ ತಿರುಗಿಸಿದ.

ಆ ವಾರ ಬೇರೆ ಕೆಲಸದ ನೆಪ ಮಾಡಿಕೊಂಡು ಎರಡು ಸಲ ಅಲ್ಲಿಗೆ ಹೋದೆ. ಮೊದಲ ಸಲ ಅವಳ ಮುಂದೆ ಸೀಲಾಗದ ಪೊಟ್ಟಣಗಳು ಗುಡ್ಡೆಯಾಗಿದ್ದವು. ಸೀಲ್ ಸೊಟ್ಟ ಬೀಳುತ್ತಿತ್ತು, ಪುಡಿ ಚೆಲ್ಲುತ್ತಿತ್ತು, ಅವಳು ಕೆನ್ನೆಯನ್ನು ಭುಜಕ್ಕೆ ಒರೆಸಿಕೊಳ್ಳುತ್ತಿದ್ದಳು. ಘಾಟಿಗೋ ಅಳುವಿಗೋ ಹೇಳಲಾರೆ. ಪಕ್ಕದ ಹಿರಿಯವಳು ಅತ್ತ ತಿರುಗಿ ನೋಡದೆ ತನ್ನ ಕೆಲಸ ಮಾಡುತ್ತಿದ್ದಳು. ಅವಳ ಕಾಲು ಮಾತ್ರ ಆಗಾಗ ನೆಲದ ಮೇಲೆ ಸುಮ್ಮನೆ ಒತ್ತುತ್ತಿತ್ತು. ಊಟದ ಹೊತ್ತಿಗೆ ಹೊಂಗೆ ಮರದ ಕೆಳಗೆ ಹುಡುಗಿ ಒಬ್ಬಳೇ ಬೇರೆ ಕೂತಿದ್ದಳು.

ಎರಡನೆಯ ಸಲ ಗುಡ್ಡೆ ಇರಲಿಲ್ಲ. ಊಟಕ್ಕೆ ಅವಳು ಆಗಲೂ ಒಬ್ಬಳೇ.

ಈ ನಡುವೆ ಅವರು ದಿನ ಬಿಟ್ಟು ದಿನ ನನ್ನ ಬಾಗಿಲಿಗೆ ಬರುತ್ತಿದ್ದರು. ನಾನು ಹೇಳಿದ್ದನ್ನೇ ಮತ್ತೆ ಹೇಳಿಸುತ್ತಿದ್ದರು. ಸೊಟ್ಟ ಎಷ್ಟು, ನೆಟ್ಟಗೆ ಎಷ್ಟು, ಸೂಪರ್‌ವೈಸರ್ ಮುಖ ಹೇಗಿತ್ತು. ಅವರ ಹೆಬ್ಬೆರಳು ಹಾರ್ನ್ ಗುಂಡಿಯನ್ನು ಸವರುತ್ತಿತ್ತು. "ಸೋತರೆ ಅವಳು ನನ್ನ ಮುಖ ನೋಡಲ್ಲ. ಅಕ್ಕಂದಿರು ಒತ್ತಿಕೊಂಡೇ ಇದ್ದಿದ್ದರೆ ಈ ತಿಂಗಳ ಸಂಬಳವಾದರೂ ಪೂರ್ತಿ ಬರ್ತಿತ್ತು" ಎಂದರು ಒಮ್ಮೆ.

ಮೂರು ತಿಂಗಳು ತುಂಬಿದ ದಿನ ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ನಾವಿಬ್ಬರೂ ಗೇಟಿನ ಎದುರು ಇದ್ದೆವು. ಹುಡುಗಿ ನಿಧಾನವಾಗಿ ಬಂದು ಸ್ಕೂಟರ್ ಮುಂದೆ ನಿಂತಳು.

"ಆಯ್ತು ಸಾ. ಪರ್ಮನೆಂಟ್ ಮಾಡವ್ರೆ. ಸ್ಟೂಲೂ ಇರ್ಲಿ ಅಂದ್ರು."

ಅವರು ಏನೋ ಹೇಳಲು ಹೋದರು. ಅವಳು ಬಿಡಲಿಲ್ಲ.

"ಅಕ್ಕದೀರು ನನ್ ಜೊತೆ ಮಾತಾಡಕಿಲ್ಲ. ನೀವ್ ಬಂದು ಹೇಳಗಂಟ ನಾವೆಲ್ಲ ಒಟ್ಗೇ ಉಣ್ತಿದ್ದೊ. ಅದ್ನ ಯಾರು ಪರ್ಮನೆಂಟ್ ಮಾಡರು?"

ಅವರು ಸ್ಕೂಟರಿನ ಎಂಜಿನ್ ಆರಿಸಿದರು.

ಹೆಡತಲೆ ಕಡೆಯ ಬಸ್ಸು ಆಗಲೇ ಮುಕ್ಕಾಲು ತುಂಬಿ ಬಂದು ನಿಂತಿತು. ಹೆಂಗಸರು ನುಗ್ಗಿದರು. ಹಿರಿಯವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಹುಡುಗಿಯನ್ನಲ್ಲ, ಅವರನ್ನು ನೋಡುತ್ತಾ ಕೂಗಿದಳು: "ಸೀಟ್ ಇಡ್ಕಬೌದಾ ಸಾ? ಇಲ್ಲ ಅದ್ಕೂ ಅಡ್ಡ ಬತ್ತೀರಾ?"

ಬಸ್ಸಿನೊಳಗೆ ನಗು ಎದ್ದಿತು. ಹುಡುಗಿ ಬಾಗಿಲ ಸರಳು ಹಿಡಿದು, "ಇಡ್ಕಬ್ಯಾಡ ಕಣಕ್ಕ, ನಾನೇ ನುಗ್ತೀನಿ" ಎನ್ನುತ್ತಾ ಮೆಟ್ಟಿಲ ಮೇಲೆ ಬಲಗಾಲಿಟ್ಟು ಮೈಯೆತ್ತಿದಳು. ಹಿಂದಿನಿಂದ ಇನ್ನೂ ಇಬ್ಬರು ತಳ್ಳಿಕೊಂಡು ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಅವರು ಕತ್ತು ಚಾಚಿ ಬಸ್ಸಿನ ಹಿಂದಿನ ಗಾಜನ್ನೇ ನೋಡುತ್ತಿದ್ದರು. ಅದು ರಸ್ತೆ ತಿರುವಿನಲ್ಲಿ ಮರೆಯಾದ ಮೇಲೆ ನನ್ನನ್ನು ಕೇಳಿದರು.

"ಅವಳು ಆಯಮ್ಮನ ಪಕ್ಕ ಕೂತಳಾ?"

"ಜನ ಅಡ್ಡ ಇದ್ದರು. ನನಗೆ ಕಾಣಲಿಲ್ಲ" ಎಂದೆ.