ಲೆಕ್ಕದಕ್ಕನ ಏಳು ಸಾಮಾನು

ಬೀದಿಯವರೆಲ್ಲ ಅವಳನ್ನು ಕರೆಯುವುದು ಲೆಕ್ಕದಕ್ಕ ಎಂದು. ಕೂದಲು ಕತ್ತರಿಸುವುದು ಅವಳ ಕಸುಬು, ಕಲಿತದ್ದು ಜೈಲಿನಲ್ಲಿ. ದಿನಾ ಕುಡಿದು ಬಂದು ಹೆಂಡತಿಯನ್ನು ಬಡಿಯುತ್ತಿದ್ದ ತಂಗಿಯ ಗಂಡನ ತಲೆಗೆ ಒಂದು ಸಂಜೆ ಇಸ್ತ್ರಿಪೆಟ್ಟಿಗೆಯಿಂದ ಬಾರಿಸಿ, ಮೂರು ವರ್ಷ ಒಳಗಿದ್ದು ಬಂದವಳು. "ಪೆಟ್ಟಿಗೆ ತಣ್ಣಗಿತ್ತು. ಅಷ್ಟು ದಯೆ ತೋರಿಸಿದೀನಿ" ಎಂದು ಇವತ್ತಿಗೂ ಹೇಳುತ್ತಾಳೆ.

ಸರ್ಕಾರದ ನ್ಯಾಯ ನೋಡಿ. ಒಳಗಿದ್ದಾಗ ಅದೇ ಅವಳ ಕೈಗೆ ಕತ್ತರಿ ಕೊಟ್ಟು, ಕಸುಬು ಕಲಿಸಿ, ಸೀಲು ಹೊಡೆದ ಪ್ರಮಾಣಪತ್ರವನ್ನೂ ಕೊಟ್ಟಿತು. ಹೊರಗೆ ಬಂದು ಅಂಗಡಿಗೆ ಲೈಸೆನ್ಸ್ ಕೇಳಿದರೆ, "ಜೈಲಿಗೆ ಹೋದೋರ ಕೈಗೆ ಕತ್ತರಿ ಕೊಡೋಕೆ ರೂಲ್ಸ್ ಇಲ್ಲಮ್ಮ" ಎಂದ ಗುಮಾಸ್ತ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಮೇಲ್ಮನವಿ ಹಾಕಿದ್ದಕ್ಕೆ ಮೂವರ ಸಮಿತಿ, ಅವಳ ಕೈಕೆಲಸ, ನಡತೆ ಎರಡನ್ನೂ ಕಣ್ಣಾರೆ ನೋಡುತ್ತೇವೆಂದು ಕರೆಯಿತು. ಈ ಸಲವೂ ಆಗದೆಂದರೆ ಇನ್ನು ಐದು ವರ್ಷ ಅರ್ಜಿ ಹಾಕುವಂತಿಲ್ಲ. ಗಂಡನನ್ನು ಬಿಟ್ಟು ಬಂದಿದ್ದ ತಂಗಿ ತನ್ನ ಹೊಲಿಗೆ ಯಂತ್ರ ಮಾರಿ, ಅಂಗಡಿಗೆ ಕನ್ನಡಿ, ತಿರುಗುವ ಕುರ್ಚಿ ತಂದಿಟ್ಟಿದ್ದಳು.

"ಅಕ್ಕಾ, ಅಲ್ಲಿ ಮಾತ್ರ ನಿನ್ನ ಎಣಿಕೆ ಬೇಡ. ಜೈಲಿನ ನೆನಪಾಗುತ್ತೆ ಅವರಿಗೆ" ಎಂದು ತಂಗಿ ದಾರಿಯುದ್ದಕ್ಕೂ ಬೇಡಿಕೊಂಡಳು.

"ಬಾಯಿಗೆ ಬೀಗ ಹಾಕ್ಕೋತೀನಿ ಕಣೇ."

ಎಣಿಕೆಯ ಕಥೆ ಇಷ್ಟೆ. ಜೈಲಿನಲ್ಲಿ ಕೆಲಸ ಮುಗಿದ ಮೇಲೆ ಏಳು ಸಾಮಾನನ್ನೂ ಬಟ್ಟೆಯ ಮೇಲೆ ಸಾಲಾಗಿಟ್ಟು, ಗಟ್ಟಿಯಾಗಿ ಎಣಿಸಿ, ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿ ನಿಲ್ಲಬೇಕು. ಕಾವಲಿನವಳು "ಸರಿಯಿದೆ" ಎಂದಮೇಲೇ ಬಾಗಿಲು ತೆರೆಯುವುದು. ಅದು ಅವಳ ಮೈಗೆ ಹತ್ತಿಬಿಟ್ಟಿತ್ತು. ಮನೆಯಲ್ಲಿ ಚಮಚ ತೊಳೆದರೂ ಎಣಿಸಿ ಹಿಂದೆ ಸರಿಯುತ್ತಿದ್ದಳು.

ಕಚೇರಿಯಲ್ಲಿ ಅಧ್ಯಕ್ಷರು ಅವಳ ಸಾಮಾನನ್ನೆಲ್ಲ ಒಂದೊಂದಾಗಿ ಕೈಗೆತ್ತಿಕೊಂಡು ಪರೀಕ್ಷಿಸಿದರು: ಎರಡು ಕತ್ತರಿ, ಎರಡು ಬಾಚಣಿಗೆ, ಒಂದು ರೇಜರು, ಬ್ರಷ್ಷು, ಮೆಷಿನ್ನು. ತಲೆ ಕೊಡಲು ಬೇರೆ ಯಾರೂ ಸಿಗದೆ, ರೂಲ್ಸ್ ಹೇಳಿದ ಗುಮಾಸ್ತನೇ ಕುರ್ಚಿಯಲ್ಲಿ ಕೂತ. ರೇಜರು ಕುತ್ತಿಗೆಗೆ ಬಂದಾಗ ಅವನು ಉಸಿರಾಡಲಿಲ್ಲ. ಅರ್ಧ ಗಂಟೆಯಲ್ಲಿ ಹತ್ತು ವರ್ಷ ಚಿಕ್ಕವನಾಗಿ ಎದ್ದ.

"ಕೆಲಸ ಚೆನ್ನಾಗಿದೆ" ಎಂದು ಅಧ್ಯಕ್ಷರು ಪೆನ್ನು ತೆಗೆದರು. ಅಷ್ಟರಲ್ಲಿ ಹಾಳು ಕೈ ತನ್ನಷ್ಟಕ್ಕೆ ಸಾಮಾನು ಜೋಡಿಸತೊಡಗಿತ್ತು. ಬಾಯಿಯ ಬೀಗವೂ ಕಳಚಿತು. "ಒಂದು, ಎರಡು..." ಆರಕ್ಕೆ ನಿಂತಿತು. ಮತ್ತೆ ಎಣಿಸಿದಳು. ಆರೇ. ತಂಗಿ ಮುಖ ಮುಚ್ಚಿಕೊಂಡಳು.

ಲೆಕ್ಕದಕ್ಕ ಹೋಗಿ ಬಾಗಿಲಿಗೆ ಚಿಲಕ ಹಾಕಿದಳು. "ಯಾರೂ ಏಳಬೇಡಿ. ಒಂದು ಬಾಚಣಿಗೆ ಕಡಿಮೆ ಇದೆ."

"ನಮ್ಮನ್ನೇ ಕಳ್ಳರು ಅಂತೀಯೇನಮ್ಮ? ಮೂವತ್ತು ವರ್ಷ ಸರ್ವೀಸು, ಒಂದು ಕಪ್ಪು ಚುಕ್ಕೆ ಇಲ್ಲ ನಂಗೆ" ಎಂದರು ಅಧ್ಯಕ್ಷರು.

"ಯಾರನ್ನೂ ಏನೂ ಅಂತಿಲ್ಲ ಸಾರ್. ಎಣಿಕೆ ಮುಗಿಯೋವರೆಗೂ ಎಲ್ಲರೂ ಒಂದೇ."

ಮೊದಲು ತನ್ನ ಚೀಲವನ್ನೇ ಕೊಡವಿ ತೋರಿಸಿದಳು. ಅವಳ ದನಿಗೆ ಹೆದರಿ ಸಮಿತಿಯ ಮೇಡಂ ಕೂಡ ಬ್ಯಾಗು ಬರಿದು ಮಾಡಿದರು. ಕಚೇರಿಯ ನಾಲ್ಕು ಪೆನ್ನು, ಒಂದು ಸ್ಟೇಪ್ಲರು ಬಿದ್ದವು. ಅಧ್ಯಕ್ಷರು ಬೆವರು ಒರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ಎಳೆದರು. ಅದರ ಜೊತೆಗೇ ಬಾಚಣಿಗೆಯೂ ಬಂತು. ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲನ್ನು ಯಾವಾಗ ಬಾಚಿಕೊಂಡು ಜೇಬಿಗೆ ಹಾಕಿದರೋ ಅವರಿಗೇ ಗೊತ್ತಿರಲಿಲ್ಲ.

"ಅಭ್ಯಾಸ ನೋಡಮ್ಮ" ಎಂದರು ಸಣ್ಣ ದನಿಯಲ್ಲಿ.

"ನಂದೂ ಅದೇ ಸಾರ್."

ಬಾಚಣಿಗೆಯನ್ನು ಸಾಲಿಗೆ ಸೇರಿಸಿ "ಏಳು" ಎಂದಳು. ಎರಡು ಹೆಜ್ಜೆ ಹಿಂದೆ ಸರಿದು ಕೈ ಕಟ್ಟಿದಳು. ಕೆಲಸ ಕೆಟ್ಟಿತೆಂದು ಅವಳಿಗೆ ಅಳುವೇ ಬಂದಿತ್ತು.

ಅಧ್ಯಕ್ಷರು ಏಳನ್ನೂ ಬೆರಳಿಟ್ಟು ಎಣಿಸಿದರು. "ಸರಿಯಿದೆ" ಎಂದು ಲೈಸೆನ್ಸಿಗೆ ಸಹಿ ಹಾಕಿದರು.

ಲೆಕ್ಕದಕ್ಕ ನಿಂತೇ ಇದ್ದಳು, ಬಾಗಿಲು ನೋಡುತ್ತಾ. ತಂಗಿ ಹತ್ತಿರ ಬಂದು ಕಟ್ಟಿದ ಕೈ ಬಿಡಿಸಿದಳು.

"ಅಕ್ಕಾ, ಚಿಲಕ ಹಾಕಿದೋಳು ನೀನೇ. ಹೋಗಿ ತೆಗಿ."