ಹಳೇ ಹಸಿವಿಗೆ ಹೊಸ ಯೋಜನೆ

ಯೆನ್ ಕುಸಿದು, ಜಪಾನಿನಲ್ಲಿ ಅಕ್ಕಿಯೇ ತುಟ್ಟಿಯಾದ ವರ್ಷವದು. ನಾನಾಗ ಇಚಿಕಾವಾದಲ್ಲಿ ಮನೆ ಮಾಡಿಕೊಂಡು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ದೇಣಿಗೆ ನಿಂತು ಸೊರಗಿದ್ದ ಸೇವಾಸಂಸ್ಥೆಗಳಿಗೆ ನೆರವು ಕೊಡಲು ಒಂದು ನಗರಾಡಳಿತ ಮುಂದಾಯಿತು. ಅದರ ಹೆಸರು ಇಲ್ಲಿ ಬೇಡ. ಅರ್ಜಿ ಹಾಕುವ ಪೋರ್ಟಲ್ ಕಟ್ಟುವ ಕೆಲಸ ನಮಗೆ ಸಿಕ್ಕಿತು. ನನಗೆ ಹೆಮ್ಮೆಯೇ ಆಗಿತ್ತು.

ನೆರವು ಘೋಷಿಸಿದ ಆ ನಗರದಲ್ಲೇ ಮೊರಿತಾ-ಸಾನ್ ಎಂಬ ಹಿರಿಯ ಹೆಂಗಸು ಮುಚ್ಚಿಹೋದ ತರಕಾರಿ ಅಂಗಡಿಯೊಂದರಲ್ಲಿ ಬಡ ಮಕ್ಕಳಿಗೆ ಸಂಜೆ ಊಟ ಹಾಕುತ್ತಿದ್ದರು. ಅನ್ನ, ಮಿಸೊ ಸಾರು, ಒಂದು ತುಂಡು ಮೀನು. ಅಕ್ಕಿ ಕೊಳ್ಳಲಾಗದೆ ಅದೂ ನಿಲ್ಲುವ ಸ್ಥಿತಿಗೆ ಬಂದಿತ್ತು. ಅವರು ಅರ್ಜಿ ಹಾಕಿದರೆ ಪೋರ್ಟಲ್ ಮುಂದಕ್ಕೇ ಬಿಡಲಿಲ್ಲ. ನೆರವು ಹೊಸ ಕಾರ್ಯಕ್ರಮಕ್ಕೆ ಮಾತ್ರ, ನಡೆಯುತ್ತಿರುವುದಕ್ಕೆ ಇಲ್ಲ ಎಂಬುದು ನಿಯಮ. ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಸಹಾಯವಾಣಿಗೆ ಫೋನ್ ಮಾಡಿ ಅವರು ನನ್ನನ್ನು ಹುಡುಕಿಕೊಂಡು ಬಂದರು. ಇಬ್ಬರೂ ಹೋಗಿ ನೆರವಿನ ಉಸ್ತುವಾರಿ ನೋಡುತ್ತಿದ್ದ ನಗರಾಡಳಿತದ ಅಧಿಕಾರಿ ಕುಡೋ-ಸಾನ್ ಅವರನ್ನು ಕಂಡೆವು. ಅವರು ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು, "ಸ್ವಲ್ಪ ಕಷ್ಟವಾಗಬಹುದು" ಎಂದರು. ಇಲ್ಲಿನ ಕಚೇರಿಗಳಲ್ಲಿ ಹಾಗೆಂದರೆ ಖಡಾಖಂಡಿತ ಆಗುವುದಿಲ್ಲ ಎಂದರ್ಥ.

"ಸುಮಿಮಾಸೆನ್," ಎಂದು ಮೊರಿತಾ-ಸಾನ್ ಕ್ಷಮೆ ಕೇಳಿ ತಲೆಬಾಗಿದರು. "ಮಕ್ಕಳ ಹಸಿವು ಹಳೆಯದೇ. ಊಟವನ್ನು ಹೇಗೆ ಹೊಸದು ಮಾಡಲಿ?"

ಕುಡೋ-ಸಾನ್ ಕಣ್ಣು ನನ್ನ ಮೇಲೆ ಬಿತ್ತು. "ನೀವು ಭಾರತದವರಲ್ಲವೇ? ಭಾರತದ ಕರಿ, ಸ್ವಲ್ಪ ಯೋಗ. ಅಂತರರಾಷ್ಟ್ರೀಯ ಸಂಸ್ಕೃತಿ ಸಂಜೆ! ಅದು ಹೊಸದು."

ಥೂ ಅನ್ನಿಸಿತು. ಆದರೂ ಅಡುಗೆಮನೆ ಉಳಿಯಬೇಕಿತ್ತು, ಒಪ್ಪಿದೆವು. ಕರಿ ಮಾಡಿಕೊಟ್ಟ ನನ್ನ ಹೆಂಡತಿ ನಾನು ಜುಬ್ಬಾ ತೊಟ್ಟದ್ದು ನೋಡಿ, "ಏನ್ರೀ, ಮಕ್ಕಳಿಗೆ ಊಟ ಹಾಕೋಕೂ ಫ್ಯಾನ್ಸಿ ಡ್ರೆಸ್ಸಾ?" ಅಂದಳು.

ಬ್ಯಾನರ್, ಭಾಷಣ, ಫೋಟೋ; ಮೂಗಿಗಿಂತ ಮೂಗುತಿ ಭಾರ. ಭಾಷಣ ಮುಗಿಯುವ ತನಕ ಮಕ್ಕಳು ತಟ್ಟೆಯ ಮುಂದೆ ಕೈಕಟ್ಟಿ ಕೂತಿದ್ದರು. ಕರಿ ತಣ್ಣಗಾಯಿತು. ಒಬ್ಬ ಪುಟ್ಟ ಹುಡುಗಿ ಸೆರಗು ಹಿಡಿದಂತೆ ಮೊರಿತಾ-ಸಾನ್ ಅವರ ಏಪ್ರನ್ ಹಿಡಿದೆಳೆದು, "ನಾಳೆ ಮಾಮೂಲಿ ಊಟ ಇರುತ್ತಾ?" ಎಂದು ಕೇಳಿದಳು.

ಬಂದ ನೆರವಿನಲ್ಲಿ ಅಡುಗೆಮನೆ ಒಂದು ವರ್ಷ ನಡೆಯಿತು. ಮರುವರ್ಷ ಮೊರಿತಾ-ಸಾನ್ ಮತ್ತೆ ಅರ್ಜಿ ಹಾಕಿದರು. ಒಮ್ಮೆ ನಡೆದದ್ದು ಹೊಸದಲ್ಲ ಎಂದು ನಾನು ಕಟ್ಟಿದ ಪೋರ್ಟಲ್ಲೇ ತಿರಸ್ಕರಿಸಿತು. ಆ ಷರತ್ತು ತೆಗೆಯುವುದು ಚಿಟಿಕೆ ಹೊಡೆದಷ್ಟು ಸುಲಭ ಎಂದು ಗೋಗರೆದೆ. ಕುಡೋ-ಸಾನ್ ಮತ್ತೆ ಉಸಿರೆಳೆದುಕೊಂಡರು. ಅಂಗಡಿಯ ಶಟರ್ ಬಿತ್ತು, ಮಕ್ಕಳ ಊಟ ನಿಂತಿತು.

ಆಮೇಲೆ ಕುಡೋ-ಸಾನ್ ಅವರದೇ ಫೋನ್: "ಪೋರ್ಟಲ್ಲಿನ ಯಶೋಗಾಥೆಗಳ ಪುಟಕ್ಕೆ ಆ ಸಂಜೆಯ ಫೋಟೋ ಹಾಕಿಕೊಡಿ." ಹೇಸಿಗೆಯಾಗಿ ಫೋನ್ ಇಟ್ಟೆ. ಬೇರೆ ಯಾರೋ ಹಾಕಿದರು, ಈಗಲೂ ಅಲ್ಲಿದೆ.

ಕೆಟ್ಟ ನಿಯಮದೊಂದಿಗೆ ಕೋಡ್ ಬರೆಯುವ ಮೊದಲೇ ಜಗಳವಾಡಬೇಕು, ಬರೆದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ ಎಂದು ಆ ಕೆಲಸ ಕಲಿಸಿತು. ಈಗ ಅಂಥ ನಿಯಮ ಮೇಜಿಗೆ ಬಂದರೆ ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು ನಾನೇ ಮೊದಲು ಹೇಳುತ್ತೇನೆ: "ಸ್ವಲ್ಪ ಕಷ್ಟವಾಗಬಹುದು."